ತುಳಜಾಳ ಚೀಲದ ಕಂಪ್ಯೂಟರ್

ದಾಂಡೇಲಿ ಬಸ್ ನಿಲ್ದಾಣದಲ್ಲಿ ಹಳಿಯಾಳದ ಬಸ್ಸಿಗೆ ಕಾಯುತ್ತಿದ್ದ ನಿರ್ಮಲಾಳ ಪಕ್ಕದಲ್ಲೇ ಮಾತು ನಡೆದಿತ್ತು. ಗುಜರಿ ಆಯುವ ತುಳಜಾಳ ಚೀಲದಿಂದ, ಬರೀ ಕೀಬೋರ್ಡಿನಂತೆ ಕಾಣುವ ಹಳೆಯ ಕಂಪ್ಯೂಟರೊಂದು ಇಣುಕುತ್ತಿತ್ತು. ನಿವೃತ್ತ ಮಾಸ್ತರ ಬಸಲಿಂಗಯ್ಯನವರು ಅದನ್ನು ಕೇಳುತ್ತಿದ್ದರು.

“ಇದನ್ನ ಒಡೀಬ್ಯಾಡವಾ, ನನಗ ಕೊಡು.”

“ಯಾಕ್ರೀ, ಒಳಗ ಬಂಗಾರ ಐತೇನು?”

“ಬಂಗಾರ ಅಲ್ಲವಾ. ನಲವತ್ತು ವರ್ಷದ ಹಿಂದಿಂದು. ಟೀವಿಗೆ ಹಚ್ಚಿದ್ರ ಇನ್ನೂ ನಡೀತೈತಿ.”

“ನಡಿಯೂದಿದ್ರ ಯಾಕ ಒಗೀತಿದ್ರು?”

“ಗೊತ್ತಿಲ್ಲದ ಒಗದಾರ. ಇಂಥ ಹಳೇ ಕಂಪ್ಯೂಟರ್ ಬ್ಯಾರೆ ಬ್ಯಾರೆ ನಮೂನಿವು ಏಳು ಉಳಿಸಿ ಮನ್ಯಾಗ ಇಟ್ಟೇನಿ.”

“ಏಳು ಇದ್ದ ಮ್ಯಾಲೆ ಎಂಟನೇದು ಯಾಕ?”

“ನಾ ಮೊದಲ ಕಲಿತದ್ದು ಇದ ನಮೂನಿದರ ಮ್ಯಾಲೆ. ಈ ನಮೂನಿದು ಮಾತ್ರ ಸಿಕ್ಕಿದ್ದಿಲ್ಲ.”

ಮಾಸ್ತರರು ಅದರ ಕೀಲಿಗಳ ಮೇಲೆ ಮೆಲ್ಲಗೆ ಬೆರಳಾಡಿಸಿದರು. ಆದರೂ ನಿರ್ಮಲಾಳಿಗೆ ಪೂರ್ತಿ ನಂಬಿಕೆ ಬರಲಿಲ್ಲ. ತುಳಜಾಳಿಗೂ ಅಷ್ಟೇ.

“ಮೊದಲ ನನ್ನ ಕಣ್ಣಮುಂದ ನಡಿಸಿ ತೋರಸ್ರಿ.”

“ಬಾರವಾ, ಮನಿಗೆ ಹೋಗೂಣು.”

ರಸ್ತೆ ದಾಟುವಾಗ ಮಾಸ್ತರರು ಚೀಲ ಹೊರಲು ಕೈಚಾಚಿದರು. ತುಳಜಾ ಅದನ್ನು ಇನ್ನೊಂದು ಹೆಗಲಿಗೆ ಬದಲಿಸಿಕೊಂಡಳು.