ಸ್ಪೀಕರಿನೊಳಗಿನ ಧೈರ್ಯವಂತೆ

ಕೋವಿಡ್ ಲಸಿಕೆಯ ಸರದಿಗಾಗಿ ಆಸ್ಪತ್ರೆಯ ಬೆಂಚಿನಲ್ಲಿ ಕೂತಿದ್ದೆ. ಗೋಡೆಯ ಸ್ಪೀಕರಿನಲ್ಲಿ ಒಂದು ಹೆಣ್ಣುದನಿ ಕಾಡಿನ ಜನರ ಭಾಷೆಯಲ್ಲಿ ಏನೋ ಧೈರ್ಯ ಹೇಳುತ್ತಿತ್ತು. ನನ್ನ ಪಕ್ಕ ಕೂತಿದ್ದ ಆರೋಗ್ಯ ಕಾರ್ಯಕರ್ತೆಯ ಬಳಿ ನರ್ಸ್ ಬಂದು ನಿಂತರು.

"ರೆಕಾರ್ಡಲ್ಲಿ ನಿನ್ನ ದನಿ ಚೆನ್ನಾಗಿ ಬಂದಿದೆ ಕಣೆ. ಏನು ಹೇಳ್ತಿದೀಯ?"

"ಹೆದರಬೇಡಿ, ಇರುವೆ ಕಚ್ಚಿದಷ್ಟೇ ನೋವು ಅಂತ. ಹೇಳಿದ ನನಗೇ ಹೆದರಿಕೆ ಹೋಗಿಲ್ಲ ಅಕ್ಕಾ."

"ಲಸಿಕೆ ಮೇಲೆ ಅನುಮಾನಾನಾ?"

"ಅದಲ್ಲ. ಮೈಕೈ ನೋವು, ಜ್ವರ ಬಂದ್ರೂ ಒಂದೆರಡು ದಿನದಲ್ಲಿ ಹೋಗುತ್ತೆ ಅಂತ ಮನೆಮನೆಗೂ ಹೇಳಿದವಳೇ ನಾನು. ಸೂಜಿ ಕಂಡ್ರೆ ಕಣ್ಣು ಕತ್ತಲೆ ಬಂದು ಬಿದ್ದುಬಿಡ್ತೀನಿ. ಅದನ್ನ ಮಾತ್ರ ಹೇಳಿಲ್ಲ."

"ಹಾಗಾದ್ರೆ ಮೊದಲು ನಿಮ್ಮವರೆಲ್ಲ ಹಾಕಿಸ್ಕೊಳ್ಳಲಿ, ಆಮೇಲೆ ನೀನು."

"ಅಯ್ಯೋ, ಹಿಂದಿನ ಎರಡು ಸಾಲೂ ನಮ್ಮ ಕಾಡಿನವರೇ. ನೀನು ಹಾಕಿಸ್ಕೊಂಡು ನಡ್ಕೊಂಡು ಬಾ, ಆಮೇಲೆ ನಾವು ಅಂದಿದಾರೆ. ನಾನು ಬಿದ್ದೆ ಅಂದ್ರೆ ಅಷ್ಟೂ ಜನ ವಾಪಸ್. ಆ ಸಾಲಲ್ಲಿರೋ ನಮ್ಮತ್ತೆಗೆ ದಮ್ಮು ಬೇರೆ. ಈ ಕಾಯಿಲೆ ಬಂದ್ರೆ ತಡ್ಕೊಳ್ಳಲ್ಲ."

"ಮಲಗಿಸಿಯೇ ಹಾಕ್ತೀನಿ ಬಾ. ಮಲಗಿದವಳು ಇನ್ನೆಲ್ಲಿಗೆ ಬೀಳ್ತೀಯ?"

"ಹೂಂ."

"ಬಾಗಿಲು ಹಾಕ್ಲಾ?"

"ಬೇಡ, ಒಳಗೆ ಏನು ಮಾಡಿದ್ರೋ ಅಂತಾರೆ. ಎಲ್ಲರಿಗೂ ಕಾಣ್ಲಿ. ಆದ್ರೆ ಅಕ್ಕಾ, ಸ್ಪೀಕರ್ ಸದ್ದು ಸ್ವಲ್ಪ ಜಾಸ್ತಿ ಮಾಡಿಸಿ."

"ಯಾಕೆ?"

"ಕಿರುಚಿಕೊಂಡ್ರೆ ನನ್ನ ದನೀಲೇ ಮುಚ್ಚಿಹೋಗ್ಲಿ."

ಇಬ್ಬರೂ ಒಳಗೆ ಹೋದರು. ಬಾಗಿಲು ತೆರೆದೇ ಇತ್ತು. ಸ್ಪೀಕರಿನ ಸದ್ದು ಜೋರಾಯಿತು.