ನಿಮ್ಮಜ್ಜ ತಂದ ಮಿಲಿಟರಿ ಟ್ರೇಲರ್

ಅಲ್ಲಪಾ, ಊಂಟ್ ಬಂದಿದ್ದು ಆಮ್ಯಾಲ. ಊಂಟ್ ಅನಬ್ಯಾಡ, ಒಂಟಿ ಅನ್ನು, ಬೆನ್ನ ಮ್ಯಾಲ ಡುಬ್ಬ ಇರೂ ಒಂಟಿ, ಅಷ್ಟರೆ ಕನ್ನಡ ಬಾಯಾಗ ಇರಲಿ. ಮೊದಲ ಬಂದಿದ್ದು ಟ್ರೇಲರ್. ಅಲ್ಲ, ತಡೀರಿ, ಟ್ರೇಲರ್ ಬಂದಿದ್ದೂ ಒಂಟಿ ಗಾಡಿ ಮ್ಯಾಲೇನ, ಹಂಗಾರ ಎರಡೂ ಕೂಡೇ ಬಂದ್ವು ಅನ್ಕೋರಿ. ಅರವತ್ನಾಲ್ಕು ಇರಬೇಕು ಅದು. ನಿಮ್ಮಜ್ಜಗ ಹುಬ್ಬಳ್ಳಿಯಿಂದ ಬರೋಡಾಕ್ಕ ವರ್ಗ ಆಗಿತ್ತು, ರೇಲ್ವೆ ಆಫೀಸ್ನಾಗ ಗುಮಾಸ್ತಿಕಿ. ನಾವು ಒಂದು ಚಾಳದಾಗ ಇದ್ವಿ, ಒಂದು ಅಂಗಳ, ಸುತ್ತ ಏಳು ಮನಿ, ಮಾಲಕ ಮಣಿಕಾಕಾ ಅಂತ, ಅವರೂ ಅಲ್ಲೇ ಮೂಲಿ ಮನ್ಯಾಗ ಇರ್ತಿದ್ರು. ಗುಜರಾತಿ ನನಗ ಒಂದಕ್ಷರ ಬರ್ತಿದ್ದಿಲ್ಲ. ಎಲ್ಲಾದಕ್ಕೂ ರೇಶನ್, ಸಕ್ರಿಗೆ ರೇಶನ್, ಚಿಮಣಿ ಎಣ್ಣಿಗೆ ರೇಶನ್, ಅಕ್ಕಿ ಅಂತೂ ಕೇಳಬ್ಯಾಡ್ರಿ. ನಮ್ಮವ್ವ ಧಾರವಾಡದಿಂದ ಒಂದು ಚೀಲ ಜೋಳ ಕಳಿಸಿದ್ಲು, ಅದಕ್ಕ ಇಲಿ ಹತ್ತಿದ್ವು. ನಾನಂದೆ, "ಏನ್ರೀ, ಒಂದು ಕಬ್ಬಿಣದ ಟ್ರಂಕ್ ತರ್ರಿ, ಇಲ್ಲಾಂದ್ರ ಈ ಜೋಳ ಇಲಿ ತಿಂದು ಮುಗಸ್ತಾವ." ಯಾರೋ ಹೇಳಿದ್ರಂತ, ಅಹಮದಾಬಾದಿನಾಗ ಮಿಲಿಟರಿಯವರು ಹಳೇ ಸಾಮಾನು ಲಿಲಾವು, ಹರಾಜು ಮಾಡ್ತಾರ, ಗಟ್ಟಿ ಟ್ರಂಕ್ ಸಿಗ್ತಾವ ಅಂತ. ಒಂದು ರವಿವಾರ ಹೋದ್ರು. ಬರಿಗೈಲೆ ವಾಪಸ್ ಬಂದ್ರು, ಊಟ ಮಾಡಿ ಮಲಗಿದ್ರು. ನಾನು ಟ್ರಂಕ್ ಸಿಕ್ಕಿಲ್ಲ ಅನ್ಕೊಂಡೆ.

ನಾಕು ದಿವಸಕ್ಕ ಅಂಗಳದ ಬಾಗಲಿಗೆ ಒಂದು ಒಂಟಿ ಗಾಡಿ ಬಂದು ನಿಂತಿತು. ಗಾಡಿ ಮ್ಯಾಲ ಒಂದು ದೊಡ್ಡ ಕಬ್ಬಿಣದ ಡಬ್ಬಿ, ಎರಡು ಗಾಲಿ, ಮುಂದ ಒಂದು ಉದ್ದನ ಮೂತಿ, ಮೈತುಂಬ ಜಂಗು, ಬರೇ ತುಕ್ಕು. ಅದಕ್ಕ ತನ್ನ ಗಾಲಿ ಇದ್ರೂ ಅವು ತಿರುಗೂದಿಲ್ಲ, ಅದಕ್ಕs ಅದನ್ನ ಇನ್ನೊಂದು ಗಾಡಿ ಮ್ಯಾಲ ಹೇರಿ ತಂದಿದ್ರು. ಮಣಿಕಾಕಾ ಧೋತರ ಎತ್ತಿ ಹಿಡ್ಕೊಂಡು ಹೊರಗ ಬಂದು, "ಆ ಶುಂ ಛೇ?" ಅಂದ್ರು, ಇದೇನಿದು ಅಂತ. ನಾನು ಕಲಿತ ಮೊದಲನೇ ಗುಜರಾತಿ ಮಾತು ಅದು, ನೋಡ್ರಿ, ಯಾಕಂದ್ರ ಮುಂದ ಒಂದು ವರ್ಷ ಬಂದವರೆಲ್ಲಾ ಅದನ್ನs ಕೇಳಿದ್ರು. ನಾನೂ ನಿಮ್ಮಜ್ಜಗ ಅದನ್ನs ಕೇಳಿದೆ. "ಟ್ರೇಲರ್," ಅಂದ್ರು. "ಏನ್ ಮಾಡ್ತಾರ ಇದರಿಂದ?" "ಜೀಪಿಗೆ ಹಿಂದ ಕಟ್ಟಿ ಸಾಮಾನು ಒಯ್ತಾರ." "ನಮ್ಮ ಕಡೆ ಜೀಪ್ ಅದ ಏನ್ರೀ?" "ಇಲ್ಲ." "ಮತ್ತ?" ಅವರು ಅದರ ಗಾಲಿ ಮುಟ್ಟಿ ನೋಡಿ, "ಗಾಲಿ ಛಲೋ ಅವ, ಇಂದೂ," ಅಂದ್ರು, ನನ್ನ ಹೆಸರು ಹಿಡದು. ಗಾಲಿ ತಿರುಗೂದs ಇಲ್ಲ, ಈ ಮನುಷ್ಯಾ ಛಲೋ ಅವ ಅಂತಾರ. ನಮ್ಮ ಕಡೆ ಇದ್ದದ್ದು ಒಂದು ಸೈಕಲ್, ಅದಕ್ಕೂ ಹಿಂದಿನ ಬ್ರೇಕ್ ಇದ್ದಿಲ್ಲ. ಯಾಕ ತಂದ್ರಿ ಅಂದ್ರ ಹೇಳವಲ್ರು. ಒಮ್ಮೆ ಅಲ್ಲ, ಹತ್ತು ಸಲ ಕೇಳೀನಿ. "ಅಲ್ಲೇ ನಿಂತಿತ್ತು," ಅಂದ್ರು, ಅಷ್ಟs. ನಾನು ಸಿಟ್ಟಿಲೆ ಒಂದು ತಿಂಗಳು ಅವರ ಕೂಡ ಕೆಲಸಕ್ಕ ಬೇಕಾದಷ್ಟs ಮಾತಾಡಿದೆ, ಉಪ್ಪು ಬೇಕೇನು, ನೀರು ಕಾದದ, ಹಿಂಗ.

ಮುಂದ ಸುರು ಆತು ನೋಡ್ರಿ ರಿಪೇರಿ. ಆಫೀಸಿಂದ ಬಂದವರs ಅಂಗಿ ತಗದು ಗೂಟಕ್ಕ ಹಾಕೂದು, ಅಂಗಳದಾಗ ಕೂತು ಜಂಗು ಕೆರಿಯೂದು. ಕರ ಕರ ಕರ ಕರ, ಏಳು ಮನಿ ಮಂದಿಗೂ ಹಲ್ಲು ಜುಮ್ ಅನ್ನೂದು. ಜಂಗಿನ ಕೆಳಗ ಒಂದು ಬಣ್ಣ, ಆ ಬಣ್ಣದ ಕೆಳಗ ಇನ್ನೊಂದು. ಒಳಗ ಹಳೇ ಕಾಲದ ಕೆಸರು ಕಲ್ಲಿನಂಗ ಗಟ್ಟಿ ಆಗಿತ್ತು, ಅದನ್ನ ಒಡದು ತಗದು, "ಇದು ಬರ್ಮಾ ಯುದ್ಧದ ಮಣ್ಣಿರಬೇಕು," ಅಂತ ಒಂದು ಪುಡಿಕಿ ಕಟ್ಟಿ ದೇವರ ಮಾಡದಾಗ ಇಟ್ರು. ನಾ ತಗದು ತುಳಸಿಗೆ ಹಾಕಿದೆ. ಗಾಲಿ ಬೋಲ್ಟು ಬಿಚ್ಚೂದs ಇಲ್ಲ, ಅದಕ್ಕ ಚಿಮಣಿ ಎಣ್ಯಾಗ ಅರಿವಿ ನೆನಸಿ ಸುತ್ತೂದು. ರೇಶನ್ನಿನ ಎಣ್ಣಿ, ತಿಂಗಳಿಗೆ ಬರೂದು ಒಂದು ಡಬ್ಬಿ, ಅದರಾಗ ಸ್ಟೋ ಹಚ್ಚಬೇಕೋ ಬೋಲ್ಟಿಗೆ ಕುಡಸಬೇಕೋ. ಬೋಲ್ಟು ಕುಡೀತು, ನಾವು ತಣ್ಣನ ಅವಲಕ್ಕಿ ತಿಂದ್ವಿ. ಆಮ್ಯಾಲ ನಾನು ಸಿಗಡಿ ಒಲಿ ತಂದು ಇದ್ದಲಿ ಊದಿ ಊದಿ ಅಡಿಗಿ ಮಾಡಿದೆ, ಕಣ್ಣು ಕೆಂಪ ಕೆಂಡ. ನಿಮ್ಮಪ್ಪ ಆಗ ಹೊಟ್ಟ್ಯಾಗ ಇದ್ದ, ಅಲ್ಲ, ಹುಟ್ಟಿದ್ದ, ಹೌದು, ಹುಟ್ಟಿ ಆರು ತಿಂಗಳಾಗಿತ್ತು, ಮ್ಯಾಲ ಒಂದು ಹಳೇ ಸೀರಿ ಕಟ್ಟಿ ಅವನ್ನ ಆ ಟ್ರೇಲರ್‌ನಾಗs ಮಲಗಸ್ತಿದ್ದೆ, ಅದೊಂದು ಉಪಯೋಗ ಆಗಿತ್ತು. ಹನ್ನೊಂದು ದಿವಸಕ್ಕ ಮೊದಲನೇ ಬೋಲ್ಟು ಬಿಚ್ಚಿತು. ನಿಮ್ಮಜ್ಜ ಅದನ್ನ ಅಂಗೈಯಾಗ ಹಿಡ್ಕೊಂಡು ಮನಿ ಮನಿಗೆ ತೋರಿಸಿ ಬಂದ್ರು. ಮಣಿಕಾಕಾನ ಹೆಂಡ್ತಿ ಶಾರದಾಬೇನ್ ಅದಕ್ಕ ಕುಂಕುಮ ಹಚ್ಚಿದ್ರು, ಚಾಷ್ಟಿ ಮಾಡಿದ್ರೋ ಖರೇನ ಹಚ್ಚಿದ್ರೋ ನನಗ ಇವತ್ತಿಗೂ ಗೊತ್ತಿಲ್ಲ.

ಹಿಂಗs ಒಂದು ವರ್ಷ ಹೋತು. ನಡುವ ನಾನೂ ಹೆಂಗ ಅದರಾಗ ಸಿಕ್ಕೊಂಡೆ ಅಂದ್ರ, ಬಣ್ಣದ ಸಲುವಾಗಿ. ಹಳೇ ಬಣ್ಣಕ್ಕ ಹೊಂದೂ ಹಂಗ ಬೇಕು ಅಂತ ಹಳದಿ ಕರಿ ಕೂಡಿಸಿ ಕೂಡಿಸಿ ಹಚ್ಚಿ ನೋಡೂದು, ಅಲ್ಲ ಅನ್ನೂದು, ಮತ್ತ ಕೆರಿಯೂದು. ನನಗ ತಾಳ್ಮಿ ಹೋಗಿ, ಡಬ್ಬಿಯಿಂದ ಒಂದು ಮುಟಿಗಿ ಹೆಸರುಕಾಳು ತಂದು ಮುಂದ ಸುರುವಿ, "ಇದ ನೋಡ್ರಿ ಬಣ್ಣ, ಹಳೇ ಹೆಸರು, ಹೊಸಾದಲ್ಲ," ಅಂದೆ. ಅವರು ಕಾಳು ನೋಡಿದ್ರು, ಟ್ರೇಲರಿನ ಹಲಗಿ ನೋಡಿದ್ರು, "ಖರೇ ಅದಲ್ಲ," ಅಂದ್ರು. ಶಾರದಾಬೇನ್ ಬಂದು ಇಲ್ಲ, ಇದು ಹಳೇ ನಿಂಬಿಕಾಯಿ ಉಪ್ಪಿನಕಾಯಿ ಬಣ್ಣ ಅಂತ ವಾದ ಮಾಡಿದ್ರು, ನಾನೂ ವಾದ ಮಾಡಿದೆ, ಆ ವಾದದಾಗs ನನಗ ಗುಜರಾತಿ ಬಂತು. ಮುಂದ ತಾಡಪತ್ರಿ ಹೊಲದೆ, ಕೈ ಮಶಿನ್ನಿನಾಗ, ಸೂಜಿ ಮುರದ್ವು. ಪಕ್ಕದ ಹಲಗಿ ಮ್ಯಾಲ ಬಣ್ಣದ ಕೆಳಗ ಹಳೇ ನಂಬರ ಸಿಕ್ಕಿತ್ತು, ನಂಬರಿನ ಮುಂದ ಮ್ಯಾಲಕ್ಕ ಮುಖ ಮಾಡಿದ ಒಂದು ಬಾಣ, ಮಿಲಿಟರಿ ಗಾಡಿಗೆ ಹಂಗ ಬರೀತಾರ. ಅದನ್ನೂ ಬಿಳೇ ಬಣ್ಣದಾಗ ಹಂಗಂಗs ಬರದ್ರು. ಆವತ್ತ ನಿಂತು ನೋಡಿದ್ರ, ಮಕ್ಕಳ್ರ್ಯಾ, ಸುಳ್ಳು ಯಾಕ ಹೇಳಲಿ, ಭಾಳ ಚಂದ ಕಾಣ್ತಿತ್ತು. ಬರೇ ಎಳಿಯಾಕ ಏನೂ ಇದ್ದಿಲ್ಲ.

ಅದು ಮುಗಿದ ವಾರಕ್ಕs ಯುದ್ಧ ಸುರು ಆತು, ಅರವತ್ತೈದರದು. ಕಿಟಕಿಗೆ ಖಾಕಿ ಕಾಗದ ಹಚ್ಚಿದ್ವಿ, ಸೈರನ್ ಊದಲಿಕತ್ತಿದ್ವು. ಮಣಿಕಾಕಾ ಅಂಗಳದಾಗ ಏಳು ಮನಿಯವರ ಸಭಾ ಕರದ್ರು. "ಭಾಯಿ," ಅಂದ್ರು ನಿಮ್ಮಜ್ಜಗ, "ನೀವು ಛಲೋ ಮನುಷ್ಯಾ. ಆದ್ರ ನಮ್ಮ ಅಂಗಳದಾಗ ಮಿಲಿಟರಿ ಗಾಡಿ ನಿಂತದ. ಮ್ಯಾಲಿಂದ ನೋಡಿದವರು ಇದು ದಂಡಿನ ಛಾವಣಿ ಅನ್ಕೊಂಡು ಬಾಂಬ್ ಹಾಕಿದ್ರ? ಅದರಾಗ ಬಾಣ ಬ್ಯಾರೆ ಬರದೀರಿ, ಇಲ್ಲೇ ಬಾ ಅಂದಂಗ." ನಿಮ್ಮಜ್ಜ ಶಾಂತ ರೀತೀಲೆ ಹೇಳಿದ್ರು, "ಬಾಣ ಪಕ್ಕದ ಹಲಗಿ ಮ್ಯಾಲ ಅದ, ವಿಮಾನದಾಗ ಕೂತಾಂವಗ ಕಾಣೂದಿಲ್ಲ." ಮಣಿಕಾಕಾ ವಿಚಾರ ಮಾಡಿ, "ಆಂವಾ ಬಗ್ಗಿ ನೋಡಿದ್ರ?" ಅಂದ್ರು. ಬಾಣದ ಮ್ಯಾಲ ಬಣ್ಣ ಬಳೀರಿ ಅಂದ್ರ ನಿಮ್ಮಜ್ಜ ಒಲ್ಲೆ ಅಂದ್ರು. ಹಂಗಾರ ಮುಚ್ಚೂಣು ಅಂತ ಏಳೂ ಮನಿ ಕೌದಿ ತಂದು ಹೊಚ್ಚಿದ್ವಿ, ಕೆಂಪು, ಹಳದಿ, ಕನ್ನಡಿ ಹಚ್ಚಿದ್ದು. ಈಗ ಅದು ಊರಾಗ ಎಲ್ಲಾದಕ್ಕಿಂತ ಎದ್ದು ಕಾಣಲಿಕತ್ತಿತು. ಕೌದಿ ತಗದು ಹುಲ್ಲು ಹೊಚ್ಚಿದ್ವಿ, ಓಣಿ ಆಕಳು ಬಂದು ತಿಂದು ಹೋತು. ಕಡೀಕ ಮಣಿಕಾಕಾ ಕೈ ಮುಗದು, "ನಾಳೆ ಇದು ಇಲ್ಲಿ ಇರಬಾರದು, ಇದ್ರ ನೀವೂ ಮನಿ ಬಿಡ್ರಿ," ಅಂದ್ರು. ಆಗ ಬರೋಡಾದಾಗ ಮನಿ ಎಲ್ಲಿ ಸಿಗ್ತಿತ್ತು, ಕೂಸು ಕಟ್ಕೊಂಡು? ಊರ ಹೊರಗ ನಿಮ್ಮಜ್ಜನ ಗೆಳೆಯಾಂದು ಒಂದು ಖಾಲಿ ಜಾಗಾ ಇತ್ತು, ಅಲ್ಲಿ ನಿಲ್ಲಸೂದು ಅಂತಾತು. ಅದs ಒಂಟಿಯಾಂವ ರಣಛೋಡನ್ನ ಕರಸಿದ್ರು. ಎರಡು ಬಿದಿರು ಕಟ್ಟಿ ಈ ಸಲ ಟ್ರೇಲರ್‌ಗೇ ಒಂಟಿ ಹೂಡಿದ್ರು.

ಮುಂದ ಸೈಕಲ್ ಮ್ಯಾಲ ನಿಮ್ಮಜ್ಜ, ಖಾಕಿ ಚಡ್ಡಿ, ಯಾಕಂದ್ರ ಇದ್ದ ಎರಡು ಪ್ಯಾಂಟಿಗೂ ಬಣ್ಣ ಹತ್ತಿತ್ತು. ಹಿಂದ ಒಂಟಿ, ಅದರ ಹಿಂದ ಟ್ರೇಲರ್, ಗಾಳಿಗೆ ತಾಡಪತ್ರಿ ಹಾರಬಾರದು ಅಂತ ಒಳಗ ನಾನು, ನನ್ನ ತೊಡಿ ಮ್ಯಾಲ ನಿಮ್ಮಪ್ಪ. ಒಂಟಿ ಪಾಪ ತೇಕ್ಕೋತ ಹೊಂಟಿತ್ತು, ಪ್ಯಾಟಿ ಬರೂದ್ರಾಗ ಎರಡು ಸಲ ಕೂತುಬಿಡ್ತು. "ಇದಕ್ಕೇನಾಗೇದ, ಇದರ ಎರಡಷ್ಟು ಭಾರ ಎಳೀತದ," ಅಂತ ರಣಛೋಡ ಅಂತಿದ್ದ. ಪ್ಯಾಟ್ಯಾಗ ಒಬ್ಬಾಂವ "ಮಿಲಿಟರಿ ಬಂತು" ಅಂದ ನೋಡ್ರಿ. ಅಂದಿದ್ದs ತಡ, ಅಂಗಡಿಯವರು ಎದ್ದು ನಿಂತ್ರು, ಸಾಲಿ ಹುಡುಗೂರು ಸಾಲಾಗಿ ನಿಂತು ಕೈ ಎತ್ತಿ ಸಲಾಮ್ ಹೊಡದ್ರು, ಒಂಟಿ ಕೊಳ್ಳಿಗೆ ಹಾರ. ಚೌಕಿನಾಗ ಪೋಲೀಸಾಂವ ನಿಲ್ಲಿಸಿ ಹಿಂದಿ ಭಾಷಾದಾಗ ಕೇಳಿದ, "ಯಾವ ಡಿವಿಜನ್?" ನಿಮ್ಮಜ್ಜ ರೇಲ್ವೆ ಮನುಷ್ಯಾ, ಸುಳ್ಳು ಹೇಳೂದು ಗೊತ್ತಿಲ್ಲ, "ಬರೋಡಾ ಡಿವಿಜನ್," ಅಂದ್ರು. ಆಂವಾ ಟಕ್ ಅಂತ ಸಲ್ಯೂಟ್ ಹೊಡದು ದಾರಿ ಬಿಡಿಸಿದ.

ಒಳಗ ನನ್ನ ಪಾಡು ಏನ್ ಕೇಳ್ತೀರಿ. ತಾಡಪತ್ರಿ ಸಂದೀಲೆ ಕೈ ಬರೂವು, ಬರೇ ಕೈ, ಮುಖ ಇಲ್ಲ. ಥೇಪ್ಲಾದ ಗಂಟು, ಮೆಂತೆ ಹಾಕಿದ ಚಪಾತಿ ಅವು, ಕಡ್ಲಿಹಿಟ್ಟಿನ ಗಾಂಠಿಯಾ, ಬೆಲ್ಲ ಗೋದಿಹಿಟ್ಟಿನ ಸುಖಡಿ, ಬೀಡಿ ಕಟ್ಟು, ಎಲ್ಲಾ ನನ್ನ ತೊಡಿ ಮ್ಯಾಲ ಇಟ್ಟು ಹೋಗೂವು. ನಾನು ಬಂದಷ್ಟು ಗುಜರಾತ್ಯಾಗ, "ಅಮೇ ಮಿಲಿಟ್ರಿ ನಥೀ," ಅಂದೆ, ನಾವು ಮಿಲಿಟರಿಯವರಲ್ಲ ಅಂತ. ಒಬ್ಬಾಕಿ ಮುದುಕಿ ಒಳಗ ಮುಖ ಹಾಕಿ, ನನ್ನ ನೋಡಿ, ಕೂಸಿನ ನೋಡಿ, ತುಟಿ ಮ್ಯಾಲ ಬೆರಳು ಇಟ್ಟು, "ತಿಳೀತು ಬೇನ್, ಹೇಳಬಾರದು, ನಾ ಯಾರಿಗೂ ಹೇಳೂದಿಲ್ಲ," ಅಂದ್ಲು. ಅಂದು ಒಂದು ಪುಡಿಕಿ ಕೊಟ್ಲು, ರೇಶನ್ನಿನ ಸಕ್ರಿ, ಪೂರಾ ತಿಂಗಳಿಂದು. ಮ್ಯಾಲ ಒಂದು ಸ್ವೆಟರ್. "ನನ್ನ ಮಗಾ ಎಲ್ಲದಾನೋ ಗೊತ್ತಿಲ್ಲ, ಯಾರಿಗೆ ಹೊಂದ್ತದ ಅವರಿಗೆ ಕೊಡು," ಅಂದ್ಲು. ಅಲ್ಲೀತನಕ ನಗ್ಲಿಕತ್ತಿದ್ದೆ ನಾನು. ಆ ಸ್ವೆಟರ್ ಕೈಯಾಗ ಬಂದ ಮ್ಯಾಲ ನಗಿ ಬರಲಿಲ್ಲ. ಇಳದು ಓಡಿ ಹೋಗಿ ವಾಪಸ್ ಕೊಡಬೇಕು ಅನಿಸ್ತು, ಅಷ್ಟ್ರಾಗ ಒಂಟಿ ಮುಂದ ಹೋಗಿತ್ತು.

ಗೆಳೆಯಾನ ಜಾಗಾಕ್ಕ ಹೋದ್ರ, ಅಲ್ಲಿಯವರೂ ಬ್ಯಾಡ ಅಂದ್ರು, ಬಾಜೂಕ ಕಾರ್ಖಾನೆ ಅದ, ಬಾಂಬ್ ಬಿದ್ರ ಅಂತ. ತಿರುಗಿ ಸಂಜೀ ಮುಂದ ಅದs ಅಂಗಳಕ್ಕ ಬಂದ್ವಿ. ಮಣಿಕಾಕಾ ಬಾಗಲಾಗ ಸೊಂಟದ ಮ್ಯಾಲ ಕೈ ಇಟ್ಟು ನಿಂತಿದ್ರು. ನಾನು ಇಳದವಳs ಸಾಮಾನೆಲ್ಲಾ ಕಟ್ಟಿ ಮ್ಯಾಲ ಒಂದೊಂದಾಗಿ ಇಟ್ಟೆ, ಸ್ವೆಟರ್ ಕಡೀಕ ಇಟ್ಟೆ, ಆ ಮುದುಕಿ ಹೇಳಿದ್ದೂ ಹೇಳಿದೆ. "ಕಾಕಾ, ಮನಿ ಬಿಡು ಅಂದ್ರ ಬಿಡ್ತೀವಿ. ಆದ್ರ ಇದು ನಮ್ಮದಲ್ಲ. ಇದನ್ನ ಮೊದಲ ಸಿಪಾಯಿಗಳಿಗೆ ಮುಟ್ಟಿಸಿ ಬರ್ತೀವಿ." ಶಾರದಾಬೇನ್ ಒಳಗ ಹೋದ್ರು, ತಮ್ಮನಿ ಸಕ್ರಿ ಡಬ್ಬಿ ತಂದು ಬಾಜೂಕ ಇಟ್ರು. ಮಣಿಕಾಕಾ ಹೆಂಡ್ತಿ ಮುಖ ನೋಡಿದ್ರು, ಟ್ರೇಲರ್ ನೋಡಿದ್ರು, "ಟೇಶನ್ನಿಗೆ ಸಿಪಾಯಿಗಳ ಗಾಡಿ ಮುಂಜಾನೆ ಬರ್ತದಂತ," ಅಂದ್ರು.

ಮರುದಿವಸ ಒಂಟಿ ಇಲ್ಲ, ರಣಛೋಡ ಇನ್ನ ಅದನ್ನ ಕೊಡೂದಿಲ್ಲ ಅಂದಿದ್ದ. ಟ್ರೇಲರ್ ತುಂಬ ಸುಖಡಿ, ಥೇಪ್ಲಾ, ಚಹಾದ ಹಂಡೆ. ಏಳು ಮನಿ ಮಂದೀನೂ ಸೇರಿ ನೂಕಿದ್ವಿ, ಮಣಿಕಾಕಾ ಟ್ರೇಲರಿನ ಮೂತಿ ಹಿಡದು ಮುಂದ. ಒಂದೂವರಿ ಮೈಲಿ. ಹೆಂಗ ಭಾರ ಅಂದ್ರ, ಗ್ವಾಡಿ ನೂಕಿದಂಗ. ಬೆವರು ಇಳದು ಇಳದು, ಟೇಶನ್ ಮುಟ್ಟೂದ್ರಾಗ ಮಣಿಕಾಕಾಗ ಮಾತs ಬರವಲ್ತು. ಹುಡುಗೂರು ಸಿಪಾಯಿಗಳು ನೋಡ್ರಿ, ಮೀಸಿ ಸೈತ ನೆಟ್ಟಗ ಬಂದಿಲ್ಲ, ಕಿಟಕಿಯಿಂದ ಕೈ ಚಾಚಿ ಚಾಚಿ ತಿಂದ್ರು. ಆ ಸ್ವೆಟರ್ ಒಬ್ಬಾಂವ ಹಾಕ್ಕೊಂಡ, ಹೊಕ್ಕಳ ಮಟಾ ಬಂತು. ತಗೀಲಿಲ್ಲ ಆಂವಾ, ಹಂಗs ಹಾಕ್ಕೊಂಡು ಕೂತ. ನಿಮ್ಮಜ್ಜಗ ಮಾತ್ರ ತಡೀಲಿಕ್ಕೆ ಆಗವಲ್ತು. ಒಬ್ಬ ವಯಸ್ಸಾದ ಸುಬೇದಾರರನ್ನ ಕೈ ಹಿಡ್ಕೊಂಡು ಹೊರಗ ಕರಕೊಂಡು ಬಂದ್ರು ಟ್ರೇಲರ್ ತೋರಸ್ಲಿಕ್ಕೆ. ಆ ಮನುಷ್ಯಾ ಸುತ್ತ ಒಂದು ಸಲ ತಿರುಗಿದ್ರು, ಮೈ ಮ್ಯಾಲ ಕೈ ಆಡಿಸಿದ್ರು. "ಯಾರು ಮಾಡಿದ್ದು ಇದನ್ನ?" "ನಾನು, ಸಾಬ್." "ಯಾಕ?" ನಿಮ್ಮಜ್ಜ ಅಂಗೈಲೆ ಬಾಣದ ಮ್ಯಾಲಿನ ಧೂಳು ಒರಸಿ, "ಗೊತ್ತಿಲ್ಲ ಸಾಬ್," ಅಂದ್ರು. ಸುಬೇದಾರ ಗೋಣು ಹಾಕಿದ್ರು, ಅದು ಸರಿಯಾದ ಉತ್ತರ ಅನ್ನೂ ಹಂಗ. ಆಮ್ಯಾಲ ಬಗ್ಗಿ ಕೆಳಗ ನೋಡಿ, "ಕೆಲಸ ಛಲೋ ಮಾಡೀರಿ. ಬ್ರೇಕಿನ ಹಿಡಿಕಿ ಉಲ್ಟಾ ಕೂಡಿಸೀರಿ. ಬಿಟ್ಟೀನಿ ಅಂದಾಗ ಹಿಡಿದಿರ್ತದ," ಅಂದ್ರು. ಮಣಿಕಾಕಾ ಅಲ್ಲೇ ನೆಲಕ್ಕ ಕೂತ್ರು. ನಾನು ಒಂಟಿ ನೆನಸಿಕೊಂಡೆ, ಪಾಪ, ಊರ ತುಂಬ ಬ್ರೇಕ್ ಹಾಕಿದ್ದನ್ನ ಎಳದಿತ್ತು.

ವಾಪಸ್ ಬರೂ ಮುಂದ ಬ್ರೇಕಿನ ಸಳಿ ಬಿಚ್ಚಿ ತಂದ್ವಿ, ಹಗೂರ ಹೂವಿನಂಗ ಉರುಳಿತು. ಮನಿ ಬಿಡ್ರಿ ಅಂತ ಯಾರೂ ಮತ್ತ ಅನ್ನಲಿಲ್ಲ. ಮುಂದ ಸೂರತ್ತಿಗೆ ವರ್ಗ ಆದಾಗ ಟ್ರೇಲರ್ ಮಣಿಕಾಕಾಗೇ ಬಿಟ್ಟು ಬಂದ್ವಿ, ಎಮ್ಮಿ ಮೇವು ತುಂಬಿ ಇಟ್ಟಿದ್ರಂತ. ಅದೇನ ಇರಲಿ. ನಾ ಹೇಳೂದು ಇಷ್ಟs: ಯಾರರ ತಪ್ಪು ತಿಳಕೊಂಡು ನಿಮ್ಮ ಕೈಯಾಗ ಏನರ ಇಟ್ರ, ನಾವು ಅವರಲ್ಲ ಅಂತ ಹೇಳಿದ್ರ ಕೆಲಸ ಮುಗೀಲಿಲ್ಲ, ಅವರು ಯಾರಿಗಂತ ಕೊಟ್ಟಿದ್ರೋ ಅವರ ಕೈಗೆ ನೂಕ್ಕೊಂಡು ಹೋಗಿಯಾದ್ರೂ ಮುಟ್ಟಸಬೇಕು.