ಕೇಕ್ಕಲೆ, ಸಾರ್

ಅಲ್ಲ ಮೇಡಂ, ಬಾಗಿಲ ಹತ್ರ ಯಾಕೆ ನಿಂತ್ರಿ? ಇಲ್ಲಿ ಬನ್ನಿ, ಕಿಟಕಿ ಪಕ್ಕ, ಬೆಳಕಿಗೆ. ಹಾಂ, ಹೀಗೆ. ಹನ್ನೊಂದು ಗಂಟೆಗೆ ಈ ದೂರಿನ ಕಾಗದ ಪ್ರಿನ್ಸಿಪಾಲ್ ಮೇಜಿಗೆ ಹೋಗಬೇಕು. ಲ್ಯಾಬ್ ಇನ್‌ಚಾರ್ಜ್ ಗೋಪಾಲಸಾಮಿ ಅಂತ ನಾನು ರುಜು ಹಾಕಿ ಆಯ್ತು. ಶಿವಗಾಮಿ, ಎರಡನೇ ವರ್ಷ, ಟೆಸ್ಟಲ್ಲಿ ಪಕ್ಕದವಳನ್ನ ಉತ್ತರ ಕೇಳೋವಾಗ ಸಿಕ್ಕಿಬಿದ್ದಳು. ಮುಗೀತು! ಇನ್ನೇನು ಮಾತು?

ಯಾಕೆ ನಗ್ತೀರಿ? ನನ್ನ ಕನ್ನಡಕ್ಕಾ? ನಗಿ, ನಗಿ. ನಿಮ್ಮದು ವಕೀಲರ ಮನೆ ಕನ್ನಡ. ನಮ್ಮದು ಸೋಮನೂರು ಮಗ್ಗದ ಮನೆದು, ಅರ್ಧ ತಮಿಳು, ಅರ್ಧ ಹತ್ತಿ ಧೂಳು. ಈ ತಮಿಳು ಊರಿನ ಕಾಲೇಜಲ್ಲಿ ಕನ್ನಡ ಮಾತಾಡೋರು ನಾವಿಬ್ಬರೇ ಅಲ್ವಾ, ಭಾಮಾ ಮೇಡಂ? ಅದಕ್ಕೇ ನಿಮ್ಮ ಹತ್ರ ನಾನು ಏನೂ ಮುಚ್ಚಿಡಲ್ಲ.

ಸೆರಿ, ಇನ್ನೊಂದು ಸಲ ಹೇಳ್ತೀನಿ. ನಿನ್ನೆ ನಿಮ್ಮ ಇಂಗ್ಲಿಷ್ ಕ್ಲಾಸಿಗೆ ಲಿಸನಿಂಗ್ ಟೆಸ್ಟು. ಮೂವತ್ತು ಬೂತು, ಬೂತಿಗೊಂದು ಹೆಡ್‌ಫೋನು, ನಾಲ್ಕು ಬಟನ್ನು. ಟೇಪಲ್ಲಿ ಆ ಇಂಗ್ಲಿಷ್ ದೊರೆ ಪ್ರಶ್ನೆ ಹೇಳ್ತಾನೆ, ಹುಡುಗೀರು ಬಟನ್ ಒತ್ತುತ್ತಾರೆ, ಇಲ್ಲಿ ನನ್ನ ಬೋರ್ಡಲ್ಲಿ ದೀಪ ಹತ್ತುತ್ತೆ. ಹಸಿರಾದ್ರೆ ಸರಿ, ಕೆಂಪಾದ್ರೆ ತಪ್ಪು. ಕೂಗಾಟ ಇಲ್ಲ, ರಗಳೆ ಇಲ್ಲ! ಎಂಬತ್ತಾರರಲ್ಲಿ ಈ ಮಿಷನ್ ಬಂತಲ್ಲ, ಅವತ್ತಿಂದ ನಾನು ನೆಮ್ಮದಿಯಾಗಿ ನಿದ್ದೆ ಮಾಡ್ತಿದ್ದೀನಿ. ಕಣ್ಣಿದ್ರೆ ಸಾಕು, ಟೆಸ್ಟು ನಡೆಸಬಹುದು... ಏನಿಲ್ಲ, ಸುಮ್ಮನೆ ಅಂದೆ.

ಮೂರನೇ ಸಾಲಲ್ಲಿ ಐದು ಹುಡುಗೀರು. ನಾಲ್ವರ ದೀಪ ಟಕ್ ಟಕ್ ಅಂತ ಹತ್ತುತ್ತಾ ಇದೆ. ಇವಳೊಬ್ಬಳದು ಇಲ್ಲ. ತಲೆ ಎತ್ತಿದೆ. ಪಕ್ಕದ ಚಂದ್ರಾ ಕಡೆ ತಿರುಗಿ ಏನೋ ಹೇಳ್ತಿದ್ದಾಳೆ! ಇಷ್ಟು ದೂರದಿಂದ ಹೇಗೆ ಗೊತ್ತಾಯ್ತಾ? ಅಯ್ಯೋ, ನಾನು ಹದಿನಾಲ್ಕು ವರ್ಷ ಪವರ್‌ಲೂಮ್ ಶೆಡ್ಡಲ್ಲಿ ಇದ್ದೋನು ಮೇಡಂ! ಹನ್ನೆರಡು ಮಗ್ಗ ಒಟ್ಟಿಗೆ ಓಡ್ತಿದ್ರೆ ಯಾರ ಬಾಯಿ ಯಾರಿಗೆ ಕೇಳುತ್ತೆ? ತುಟಿ ಅಲ್ಲಾಡಿಸಿದ್ರೆ ಸಾಕು. ‘ದಾರ ಕಿತ್ತಿದೆ’, ‘ಟೀ ಬಂತು’, ‘ಮೇಸ್ತ್ರಿ ಬರ್ತಾನೆ’... ಎಲ್ಲ ತುಟೀಲೇ. ಅಲ್ಲಿ ಕಲಿತದ್ದು, ಇಲ್ಲಿ ಅನ್ನ ಹಾಕ್ತಿದೆ.

ಹತ್ರ ಹೋಗಿ ನಿಂತೆ. ನಾನು ಬಾಯೇ ಬಿಟ್ಟಿಲ್ಲ, ಅವಳೇ ಎದ್ದು ಅಂದಳು, ‘ಕೇಕ್ಕಲೆ, ಸಾರ್.’ ನೋಡಿದ್ರಾ? ತಮಿಳಲ್ಲಿ, ಕೇಳಲಿಲ್ಲ ಸಾರ್, ಅಂತ! ಕುಂಬಳಕಾಯಿ ಕಳ್ಳ ಅಂದ್ರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ. ಪಕ್ಕದವಳನ್ನ ಕೇಳಿದ್ಯಾ ಅಂತ ನಾನು ಅಂದೆನಾ? ಇಲ್ಲವಲ್ಲ! ಆಚೆಗೆ ಹೋಗು ಅಂದೆ. ಮತ್ತೆ ಅದೇ. ‘ಕೇಕ್ಕಲೆ ಸಾರ್, ಕೇಕ್ಕಲೆ...’ ಅಳ್ತಾ ಹೋದಳು.

ಏನು? ಮೆಲ್ಲಗೆ ಹೇಳಿ, ಸೆರಗು ಬಾಯಿಂದ ತೆಗೀರಿ... ಮೂರನೇ ಸಾಲಿಗೆ ಶಬ್ದವೇ ಬರಲಿಲ್ಲವಾ?

ಯಾರು ಹೇಳಿದ್ದು? ಚಂದ್ರಾನಾ? ಐದು ಬೂತಿಗೂ ಇಲ್ಲವಾ? ಛೆ, ಸುಳ್ಳು! ಶಬ್ದ ಇಲ್ಲದೆ ನಾಲ್ಕು ಜನ ಬಟನ್ ಹೇಗೆ ಒತ್ತಿದ್ರು? ...ಹೆದರಿ ಒತ್ತಿದ್ರಾ? ನನಗಾ? ಸಿಕ್ಕಿದ್ದನ್ನ ಒತ್ತಿ ಮೂವರು ಪಾಸೂ ಆದ್ರಾ?

ಹಾಗಾದ್ರೆ... ಇವಳು ಅಂದಿದ್ದು... ‘ಕಿವಿಗೆ ಕೇಳಿಸಲಿಲ್ಲ’ ಅಂತ.

ಅದೇನು ಮಾತೋ ಏನೋ! ತಮಿಳಲ್ಲೂ ಹಾಗೇ, ನಮ್ಮದರಲ್ಲೂ ಹಾಗೇ. ಕಿವಿಗೆ ಕೇಳೋದೂ ಕೇಳೋದೇ, ಪಕ್ಕದವಳನ್ನ ಕೇಳೋದೂ ಕೇಳೋದೇ. ನಾನೇನು ಮಾಡ್ಲಿ? ಅವಳು ಬಿಡಿಸಿ ಹೇಳಬೇಕಿತ್ತು! ಕುರಿಚಿ ಊರಿನ ಫೌಂಡ್ರಿ ಕೆಲಸದವನ ಮಗಳು, ಬಾಯಿ ಜೋರಾಗೇ ಇರುತ್ತೆ... ಇಲ್ಲ, ಹಾಗನ್ನಬಾರದು, ತಪ್ಪು. ಅವಳಪ್ಪ ಎರಡು ಬಸ್ಸು ಬದಲಾಯಿಸಿ ಬೆಳಗ್ಗೆಯೇ ಬಂದು ಮೆಟ್ಟಿಲ ಮೇಲೆ ಕೂತಿದ್ದಾನೆ, ನೋಡಿದೆ. ಈ ಕಾಗದ ಹೋದ್ರೆ ಮಗಳನ್ನ ಪರೀಕ್ಷೆಗೇ ಕೂರಿಸಲ್ಲ, ಗೊತ್ತು. ನನ್ನ ಎದೆಯೇನು ಕಲ್ಲಾ?

ಆ ಹೆಡ್‌ಫೋನು ಎತ್ತಿ ನಿಮ್ಮ ಕಿವಿಗೆ ಯಾಕೆ ಇಟ್ಟು ನೋಡಲಿಲ್ಲ ಅಂತೀರಾ? ಟೈಮೆಲ್ಲಿತ್ತು! ಮೂವತ್ತು ದೀಪ ನೋಡಬೇಕು, ಗುರುತು ಹಾಕಬೇಕು, ಮೇಲೆ ಈ ಫ್ಯಾನಿನ ಗಲಾಟೆ... ಫ್ಯಾನು ಓಡ್ತಾ ಇಲ್ಲವಾ? ನಿನ್ನೆ ಓಡ್ತಿತ್ತು!

ಎಲ್ಲಿ ಹೊರಟ್ರಿ? ಶಿವಗಾಮಿ ಬೂತಿಗಾ? ಬೇಡ ಮೇಡಂ, ಎಲೆಕ್ಟ್ರಿಷಿಯನ್ ಆರುಮುಗಂ ಬರಲಿ, ಅವನು ನೋಡ್ತಾನೆ... ಸೆರಿ, ಸೆರಿ. ಟೇಪು ಹಾಕ್ತೀನಿ. ಇಗೋ, ತಿರುಗ್ತಿದೆ. ಬರ್ತಿದೆಯಾ? ನೀವು ತಲೆ ಬಗ್ಗಿಸಿದ್ರೆ ನಂಗೆ ಹೇಗೆ ಗೊತ್ತಾಗಬೇಕು! ಬರ್ತಿದೆಯಾ ಇಲ್ಲವಾ?

ನಾನಾ? ನಾನು ಯಾಕೆ? ...ಕೊಡಿ ಇಲ್ಲಿ. ಆಗಲೇ ನನ್ನ ಕಿವಿಗೆ ಇಟ್ಟೇಬಿಟ್ರಲ್ಲ.

ಹಾಂ... ಹಾಂ, ಬರ್ತಿದೆ ಮೇಡಂ! ಚೆನ್ನಾಗಿ ಬರ್ತಿದೆ! ಆ ದೊರೆ, ರೈಲು ಎಷ್ಟು ಗಂಟೆಗೆ ಅಂತ... ಗಣಗಣ ಅಂತ ಇದೆ. ನೋಡಿದ್ರಾ, ಸುಮ್ಮನೆ ಮಿಷನ್ ಮೇಲೆ ಗೂಬೆ ಕೂರಿಸಿದ್ರು! ಇನ್ನೇನು, ಕಾಗದ ಕಳಿಸ್ತೀನಿ...



ಏನಾದ್ರೂ ಅನ್ನಿ ಮೇಡಂ. ನಾನು ನಿಮ್ಮ ತುಟಿ ನೋಡ್ತಿದ್ದೀನಿ, ನೀವು ಏನೂ ಅಂತಿಲ್ಲ. ಹಾಗೆ ನೋಡಬೇಡಿ. ಅದೇನು ಕೈಲಿ?

...ಪಿನ್ನು. ಈ ಹೆಡ್‌ಫೋನಿನ ವೈರಿನದೇ ಪಿನ್ನು. ಯಾವಾಗ ಕಿತ್ರಿ?

...

ಎಡಗಿವಿ ಹೋಗಿ ಆರು ವರ್ಷ. ಬಲಗಿವಿ ಹೋದ ದೀಪಾವಳಿಗೆ ಪೂರ್ತಿ ಹೋಯ್ತು. ಬೀದಿ ತುಂಬ ಸರಪಟಾಕಿ, ನನಗೆ ಬರೀ ಬೆಳಕು. ಮನೇಲಿ ಸುಂದರಮ್ಮಂಗೂ ಹೇಳಿಲ್ಲ. ಕರೆದ್ರೆ ತಿರುಗಲ್ಲ, ಗಂಡನಿಗೆ ಕೊಬ್ಬು ಅಂದ್ಕೊಂಡಿದ್ದಾಳೆ. ಇರಲಿ ಅಂತ ಬಿಟ್ಟಿದ್ದೀನಿ. ಕಿವುಡ ಅನ್ನೋದಕ್ಕಿಂತ ಅದೇ ವಾಸಿ ಅನ್ನಿಸ್ತು. ಕಿವುಡನಿಗೆ ಲಿಸನಿಂಗ್ ಲ್ಯಾಬಲ್ಲಿ ಯಾರು ಕೆಲಸ ಕೊಡ್ತಾರೆ ಹೇಳಿ? ಜನರ ತುಟಿ ಓದಿ ಹೇಗೋ ದಿನ ತಳ್ಳಿದೆ. ಟೇಪಿಗೆ ತುಟಿ ಇಲ್ಲವಲ್ಲ ಮೇಡಂ!

ಹೆದರಿಕೆ ಆಯ್ತು. ಅವಳು ‘ಕೇಕ್ಕಲೆ’ ಅಂದಾಗಲೇ ಕಿವಿಗೆ ಕೇಳಿಸಿಲ್ಲ ಅಂತಿದ್ದಾಳೆ ಅಂತ ಒಳಗೆ ಎಲ್ಲೋ ಗೊತ್ತಾಯ್ತು ನಂಗೆ, ನಿಜ ಹೇಳ್ತೀನಿ, ಗೊತ್ತಾಯ್ತು. ಹೆಡ್‌ಫೋನ್ ತಗೊಂಡು ನನ್ನ ಕೈಗೆ ಕೊಟ್ಟು, ನೀವೇ ಕೇಳಿ ಅಂದುಬಿಡ್ತಾಳೆ ಅನ್ನಿಸ್ತು. ಅದಕ್ಕೇ ಆಚೆಗೆ ಕಳಿಸಿದೆ.

ಆ ಕಾಗದ ಹರಿದುಹಾಕಿ. ಬೇರೆ ನಾನೇ ಬರೀತೀನಿ, ಇದೇ ರುಜು ಹಾಕಿ. ನೀವು ಹೋಗಿ ಶಿವಗಾಮಿಯನ್ನ ಕರೀರಿ, ಅಪ್ಪನನ್ನೂ ಕರೀರಿ. ಇಲ್ಲಿ ನಿಂತು ನನ್ನ ಮುಖಕ್ಕೆ ಮುಖ ಕೊಟ್ಟು ಬೈಯಲಿ. ನಿಧಾನವಾಗಿ ಬೈಯೋಕೆ ಹೇಳಿ ಮೇಡಂ. ಒಂದು ಮಾತೂ ನಂಗೆ ತಪ್ಪಿಹೋಗಬಾರದು.